ದಿವೆ ಘಾಟಿನ ತಿರುವಿನಲ್ಲಿ ಏರುವ ಮುಳ್ಳು

ಎಂಜಿನ್ ತಣ್ಣಗಿದ್ದಾಗ ಎಣ್ಣೆಯ ಬಿಸಿ ತೋರಿಸುವ ಮೀಟರಿನ ಮುಳ್ಳು ಎಡಮೂಲೆಯಲ್ಲಿ ಮಲಗಿರಬೇಕು. ಫೆಬ್ರವರಿ ೩, ಸೋಮವಾರ ಬೆಳಿಗ್ಗೆ, ಹಡಪಸರದ ಒಂದು ಹೋಟೆಲಿನ ಹಿಂದಿರುವ ಶೆಡ್ಡಿನಲ್ಲಿ ನಾನು ಒಂದು ಹಳೆಯ ಕಾರಿನ ಕೀಲಿ ತಿರುಗಿಸಿದಾಗ ಅದು ಅಲ್ಲೇ ಮಲಗಿತ್ತು. ಎಂಜಿನ್ ಶುರು ಮಾಡಿ ಕಾಲು ಗಂಟೆ ಬಿಟ್ಟೆ. ನಿಧಾನವಾಗಿ ಎದ್ದು ಹಸಿರು ಪಟ್ಟಿಯ ನಡುವೆ ನಿಂತಿತು. ದೋಷವೇನೂ ಕಾಣಲಿಲ್ಲ.

"ಇಲ್ಲಿ ಎಂತದೂ ಆಗುದಿಲ್ಲ ಮೇಡಂ," ಎಂದ ಹೋಟೆಲಿನವರ ಮಗ. ತಂದೆ ತೀರಿಕೊಂಡ ಮೇಲೆ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವನು ಅವನೇ. "ದಿವೆ ಘಾಟ್‌ನಲ್ಲಿ ಮಾತ್ರ. ಅದೂ ಒಂದೇ ತಿರುವು."

"ಯಾವ ತಿರುವು?"

"ಅಪ್ಪ ಹೋದ ತಿರುವು."

ನಾನು ಹಳೆಯ ಕಾರುಗಳ ಮೀಟರುಗಳನ್ನು ರಿಪೇರಿ ಮಾಡುತ್ತೇನೆ. ಗಿರಾಕಿಗಳು ಹೇಳುವ ಲಕ್ಷಣಗಳನ್ನು ಅವರ ಮಾತಿನಲ್ಲೇ ಬರೆದುಕೊಳ್ಳುವುದು ನನ್ನ ಪದ್ಧತಿ. ಆ ದಿನ "ಒಂದೇ ತಿರುವು" ಎಂದಷ್ಟೇ ಬರೆದೆ. ಉಳಿದದ್ದನ್ನು ಬರೆಯಲಿಲ್ಲ.

ಉಳಿದದ್ದು ಹೀಗೆ. ಹೋದ ಮಳೆಗಾಲಕ್ಕೆ ಮುಂಚೆ ಅವನ ತಂದೆ ಈ ಕಾರಿನಲ್ಲಿ ಒಬ್ಬರೇ ಜೇಜುರಿಯ ಖಂಡೋಬಾ ಗುಡಿಗೆ ಹೊರಟಿದ್ದರು. ಇದು ಎಂಜಿನ್ ಹಿಂದೆ ಇರುವ, ನೀರಿಲ್ಲದೆ ಗಾಳಿಯಿಂದಲೇ ತಣಿಯುವ ಹಳೆಯ ವಿದೇಶಿ ಗಾಡಿ. ಇಂಥ ಗಾಡಿಗೆ ಎಣ್ಣೆಯ ಬಿಸಿಯೇ ನಾಡಿ. ಘಾಟಿನ ಅರ್ಧ ಏರಿದಾಗ ಮುಳ್ಳು ಕೆಂಪಿಗೆ ಹೋಯಿತು. ತಿಳಿದವರು ಮಾಡುವುದನ್ನೇ ಅವರೂ ಮಾಡಿದರು. ಗಾಡಿ ಬದಿಗೆ ಹಾಕಿ, ಹಿಂದಿನ ಮುಚ್ಚಳ ತೆರೆದು, ಮನೆಗೆ ಫೋನ್ ಮಾಡಿ "ಮುಳ್ಳು ಕೆಂಪಿಗೆ ಹೋಗಿದೆ, ಸ್ವಲ್ಪ ತಣಿಯಲಿ" ಎಂದರು. ಆಮೇಲೆ ರಸ್ತೆಬದಿಯ ಗೋಡೆಗೆ ಒರಗಿ ಕೂತರು. ಯಾರೋ ಬೈಕಿನವರು ನೋಡುವಷ್ಟರಲ್ಲಿ ಕೂತಂತೆಯೇ ಹೋಗಿದ್ದರು. ಹೃದಯ ನಿಂತಿತ್ತು.

ಈಗ ಮುಂಬೈಯವರೊಬ್ಬರು ಕಾರನ್ನು ಕೊಳ್ಳಲು ಕೇಳುತ್ತಿದ್ದರು. ಮಗನಿಗೆ ಮಾರುವ ಮನಸ್ಸು, ಅವನ ತಾಯಿಗೆ ಇಲ್ಲ. ಮೀಟರು ಸರಿಯಾದರೆ ತಾಯಿಯ ಮನಸ್ಸೂ ಸರಿಯಾದೀತು ಎಂಬ ಲೆಕ್ಕದಲ್ಲಿ ನನ್ನನ್ನು ಕರೆಸಿದ್ದ.

ಆ ದಿನ ಬಿಡಿಭಾಗಗಳನ್ನು ಒಂದೊಂದಾಗಿ ನೋಡಿದೆ. ಎಂಜಿನ್ನಿನ ಎಣ್ಣೆಯಲ್ಲಿ ಮುಳುಗಿರುವ ಬೆರಳುದ್ದದ ಹಿತ್ತಾಳೆಯ ತುಂಡಿಗೆ ಸೆಂಡರ್ ಎನ್ನುತ್ತೇವೆ. ಬಿಸಿಯಾದಷ್ಟೂ ಅದರ ವಿದ್ಯುತ್ ತಡೆ ಇಳಿಯುತ್ತದೆ, ತಡೆ ಇಳಿದಷ್ಟೂ ಮುಳ್ಳು ಏರುತ್ತದೆ. ಅದನ್ನು ಬಿಚ್ಚಿ, ಹೋಟೆಲಿನ ಅಡುಗೆಮನೆಯಲ್ಲಿ ಒಂದು ಒಲೆ ಕೇಳಿ ಪಡೆದು, ಸಣ್ಣ ಪಾತ್ರೆಯ ಎಣ್ಣೆಯಲ್ಲಿ ಥರ್ಮಾಮೀಟರಿನ ಜೊತೆ ಕಾಯಿಸಿದೆ. ವಡೆ ಕರಿಯುತ್ತಿದ್ದವನು "ಇದೆಂಥ ಬಜ್ಜಿ ಅಕ್ಕಾ?" ಎಂದ. ಹತ್ತು ಡಿಗ್ರಿಗೊಮ್ಮೆ ಅಳತೆ ಬರೆದೆ. ಏರುವಾಗ ಬಂದ ಅಂಕಿಯೇ ತಣಿಯುವಾಗಲೂ ಬಂತು. ಸೆಂಡರ್ ಸರಿ ಇತ್ತು. ಅಳತೆ ಗೊತ್ತಿರುವ ತಡೆಯೊಂದನ್ನು ಮೀಟರಿಗೆ ಜೋಡಿಸಿ ನೋಡಿದೆ, ಅದೂ ಸರಿ. ಅರ್ಥಿಂಗ್ ಸರಿ. ಬ್ಯಾಟರಿಯೂ ಸರಿ.

ಸಾಮಾನು ಕಟ್ಟುವಾಗ ಬಾಗಿಲಲ್ಲಿ ತಾಯಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ತಿಳಿಯಲಿಲ್ಲ. ಕಾರಿನ ಬಲಗಡೆ, ಚಾಲಕನ ಸೀಟಿನ ಕಡೆ ನೋಡುತ್ತಿದ್ದರು, ನನ್ನ ಕಡೆಗಲ್ಲ.

"ನೀನು ಹುಡುಗಿಯಾ, ಒಳ್ಳೆದಾಯ್ತು," ಎಂದರು. "ಗಂಡಸರು ಬಂದ್ರೆ ಮುಳ್ಳು ಬದಲಿಸಿ ಹೋಗ್ತಾರೆ. ನಂಗೆ ಮುಳ್ಳು ಬೇಡ. ಒಂದು ಮಾತು ಬೇಕು. ಆ ದಿನ ಗಾಡಿ ನಿಜವಾಗ್ಲೂ ಕಾದಿತ್ತಾ? ಅದೊಂದು ಹೇಳು ನಂಗೆ."

"ನೋಡಿ ಹೇಳ್ತೀನ್ರಿ ಅಮ್ಮಾ," ಎಂದೆ.

ಬುಧವಾರ, ೫ನೇ ತಾರೀಖು, ಘಾಟಿಗೆ ಹೋದೆವು. ತಾಯಿ ಹಟ ಹಿಡಿದು ಪಕ್ಕದಲ್ಲಿ ಕೂತರು. ಎಣ್ಣೆಯ ಮಟ್ಟ ನೋಡುವ ಕಡ್ಡಿ ಇರುವ ತೂತಿನೊಳಗೆ ಬೇರೊಂದು ಥರ್ಮಾಮೀಟರಿನ ತಂತಿ ಇಳಿಸಿ, ಅದರ ಪುಟ್ಟ ಪರದೆಯನ್ನು ಡ್ಯಾಶ್‌ಬೋರ್ಡಿನ ಮೇಲೆ ಅಂಟಿಸಿದ್ದೆ. ಮುಳ್ಳು ತಪ್ಪಿದರೆ ಪರದೆ ನಿಜ ಹೇಳಬೇಕು.

ಏರು ಶುರುವಾಯಿತು. ಲಾರಿಗಳ ಹಿಂದೆ ಎರಡನೇ ಗೇರಿನಲ್ಲೇ ಹೋಗುತ್ತಿದ್ದೆವು. ಕಿಟಕಿಗಳು ಮುಚ್ಚಿದ್ದವು. ಆದರೂ ಕಾಲಿನ ಹತ್ತಿರದ ಗಾಳಿಕಿಂಡಿಯಿಂದ ಒಂದು ಹುಳಿ ವಾಸನೆ ಬಂತು. ಸುಟ್ಟ ಹುಳಿ. ಒಂದು ಸಲ ಕೆಮ್ಮು ಬಂತು.

"ಬಂತಲ್ಲ," ಎಂದರು ತಾಯಿ. "ಅವರ ಕೈಯ ವಾಸನೆ. ದಿನಾ ಲಿಂಬೆ ಹಿಂಡಿ ಹಿಂಡಿ, ಸೋಪು ಹಾಕಿದ್ರೂ ಹೋಗ್ತಿರ್ಲಿಲ್ಲ."

ಕೆಳಗೆ ಮಸ್ತಾನಿ ಕೆರೆ ಬಿಸಿಲಿನಲ್ಲಿ ತಗಡಿನ ಹಾಗೆ ಕಂಡಿತು. ಅವರು ಕಣ್ಣು ಮುಚ್ಚಿಕೊಂಡರು. ರಸ್ತೆ ಬಲಕ್ಕೆ ಬಳಸುವ ಸ್ವಲ್ಪ ಮುಂಚೆ, ಕಣ್ಣು ಮುಚ್ಚಿಕೊಂಡೇ, "ಈಗ ನೋಡು" ಎಂದರು.

ಮುಳ್ಳು ಎದ್ದಿತು. ನಡುಗಲಿಲ್ಲ, ಹಾರಲಿಲ್ಲ. ಕೂತವರು ಏಳುವ ಹಾಗೆ, ಹಸಿರು ದಾಟಿ, ಹಳದಿ ದಾಟಿ, ಕೆಂಪಿನ ತುದಿಗೆ ಹೋಗಿ ನಿಂತಿತು. ಪರದೆ ತೊಂಬತ್ತೆರಡು ಡಿಗ್ರಿ ತೋರಿಸುತ್ತಿತ್ತು. ಅದು ಆರೋಗ್ಯವಂತ ಎಂಜಿನ್ನಿನ ಬಿಸಿ.

ಬದಿಗೆ ಹಾಕಿ ಮುಚ್ಚಳ ತೆರೆದೆ. ಎಂಜಿನ್ನಿನ ತಗಡನ್ನು ಕೈಯಿಂದ ಮುಟ್ಟಿ ನೋಡಿದೆ. ಅಂಥ ಬಿಸಿ ಏನಿಲ್ಲ. ಮುಳ್ಳು ಮಾತ್ರ ಕೆಂಪು ಬಿಟ್ಟು ಕದಲಲಿಲ್ಲ. ತಾಯಿ ಕಾರಿನಿಂದ ಇಳಿಯಲೇ ಇಲ್ಲ. ಗೋಡೆ ಇರುವ ಕಡೆಗೆ ಮುಖವನ್ನೂ ತಿರುಗಿಸಲಿಲ್ಲ. ಮುಂದೆ ರಸ್ತೆ ಮಟ್ಟವಾದಲ್ಲಿ ಮುಳ್ಳು ತಾನಾಗಿಯೇ ಇಳಿಯಿತು.

ಇಷ್ಟಕ್ಕೆ ಒಂದು ಸಂಗತಿ ಖಚಿತವಾಯಿತು. ಮುಳ್ಳು ಸುಳ್ಳು ಹೇಳುತ್ತದೆ. ಆದರೆ ಇವತ್ತು ಸುಳ್ಳು ಹೇಳಿತು ಎಂದ ಮಾತ್ರಕ್ಕೆ ಆ ದಿನವೂ ಹೇಳಿತ್ತು ಎನ್ನಲಾಗದು. ಗುರುವಾರ ಎಂಜಿನ್ನಿನ ಮೇಲಿನ ಒಂದು ಮುಚ್ಚಳ ಬಿಚ್ಚಿ ಒಳಗೆ ನೋಡಿದೆ. ಎಣ್ಣೆ ಒಂದು ಸಲ ಅತಿಯಾಗಿ ಕಾದರೂ ಒಳಗಿನ ಲೋಹದ ಮೇಲೆ ಕಂದು ಪದರ ಕೂರುತ್ತದೆ, ಒರೆಸಿದರೆ ಹೋಗುವುದಿಲ್ಲ. ಈ ಎಂಜಿನ್ನಿನ ಒಳಗೆ ಲೋಹ ಬೆಳ್ಳಗಿತ್ತು. ಕೈಕನ್ನಡಿ ಹಿಡಿದು ವೈರಿನ ದಾರಿಯನ್ನೂ ನೋಡಿದೆ. ಸೆಂಡರಿನಿಂದ ಹೊರಡುವ ವೈರು ಫ್ಯಾನಿನ ತಗಡಿನ ಹಿಂದೆ ಕತ್ತಲೆಯಲ್ಲಿ ಹಾದು ಹೋಗುತ್ತದೆ, ಅಲ್ಲಿಗೆ ಕಣ್ಣು ಎಟಕುವುದಿಲ್ಲ. ಕನ್ನಡಿಯಲ್ಲಿ ಮಸಿಯಂಥ ಒಂದು ಗಂಟು ಕಂಡಿತು. ಇಲಿಯ ಗೂಡು ಎಂದುಕೊಂಡು ಬಿಟ್ಟುಬಿಟ್ಟೆ. ಆ ಒಂದು ಅಸಡ್ಡೆಗೆ ಮೂರು ದಿನ ತೆತ್ತೆ.

ಶುಕ್ರವಾರದ ಪ್ರಯೋಗ ಸರಳವಾಗಿತ್ತು. ಸೆಂಡರಿನ ವೈರನ್ನೇ ಕಿತ್ತು, ತುದಿಗೆ ಟೇಪು ಸುತ್ತಿ ಹೊರಟೆ. ಈಗ ಮುಳ್ಳಿಗೂ ಎಂಜಿನ್ನಿಗೂ ಸಂಬಂಧವೇ ಇಲ್ಲ. ದಾರಿಯುದ್ದಕ್ಕೂ ಮುಳ್ಳು ಎಡಮೂಲೆಯಲ್ಲಿ ಸತ್ತಂತೆ ಬಿದ್ದಿತ್ತು. ತಾಯಿ ಮತ್ತೆ ಪಕ್ಕದಲ್ಲಿದ್ದರು, ಮತ್ತೆ ಕಣ್ಣು ಮುಚ್ಚಿದರು. ತಿರುವು ಬಂತು. ಯಾವುದಕ್ಕೂ ಕಟ್ಟಿರದ ಆ ಮುಳ್ಳು ಎದ್ದು ಕೆಂಪಿಗೆ ಹೋಯಿತು.

ಇದರ ಅರ್ಥ ನನಗೆ ಗೊತ್ತಿತ್ತು. ನಡುವೆ ಎಲ್ಲೋ ವೈರು ಕಾರಿನ ಲೋಹಕ್ಕೆ ತಗುಲಿ ತಡೆ ಇಲ್ಲವಾಗುತ್ತಿದೆ, ಅಷ್ಟೆ. ಬೆಂಚಿನ ಮೇಲೆ ಹೀಗಾದರೆ ಖುಷಿಪಡುತ್ತೇನೆ, ದೋಷ ಅರ್ಧ ಸಿಕ್ಕಂತೆ. ಅಲ್ಲಿ, ಮುಚ್ಚಿದ ಕಾರಿನಲ್ಲಿ, ಆ ಹುಳಿ ವಾಸನೆಯಲ್ಲಿ, ಮುಂದಕ್ಕೆ ಓಡಿಸಲಾಗಲಿಲ್ಲ. ಬದಿಗೆ ನಿಲ್ಲಿಸಿದೆ.

"ಹೆದರ್ಬೇಡ," ಎಂದರು ತಾಯಿ. ಕಣ್ಣು ತೆರೆದು ಮುಳ್ಳನ್ನು ಒಮ್ಮೆ ನೋಡಿದರು. "ಮಗನಿಗೆ ಹೇಳಿಲ್ಲ. ನಿನಗೆ ಹೇಳ್ತೇನೆ. ಪ್ರತಿ ಶನಿವಾರ ಸಂಜೆ ನಾನು ಗಾಡಿಯ ಮುಂದಿನ ಬಂಪರಿಗೆ ಲಿಂಬೆ-ಮೆಣಸು ಕಟ್ತೇನೆ. ಸಿಗ್ನಲ್ಲಿನಲ್ಲಿ ಮಾರ್ತಾರಲ್ಲ, ತಂತಿಗೆ ಪೋಣಿಸಿದ್ದು. ದೃಷ್ಟಿಗೆ. ಅವರಿಗೆ ಇಷ್ಟ ಇಲ್ಲ. ಗಾಡಿ ರಿಕ್ಷಾದ ಹಾಗೆ ಕಾಣ್ತದೆ ಅಂತಿದ್ರು. ಮಾರನೇ ಬೆಳಿಗ್ಗೆ ನೋಡಿದ್ರೆ ಇರ್ತಿರ್ಲಿಲ್ಲ. ಅವರು ತೆಗ್ದಿರ್ತಾರೆ. ನಾನೂ ಕೇಳ್ತಿರ್ಲಿಲ್ಲ, ಅವರೂ ಹೇಳ್ತಿರ್ಲಿಲ್ಲ."

"ಈಗ?"

"ಈಗಲೂ ಕಟ್ತೇನೆ." ಸೆರಗು ಸರಿಮಾಡಿಕೊಂಡರು. "ಈಗಲೂ ಭಾನುವಾರ ಬೆಳಿಗ್ಗೆ ಇರುದಿಲ್ಲ."

ಶೆಡ್ಡಿಗೆ ರಾತ್ರಿ ಬೀಗ ಇರುತ್ತದೆ, ಒಂದು ಕೀಲಿ ಅವರ ಸೊಂಟದಲ್ಲೇ ಇತ್ತು. ನನಗೆ ತೋರಿಸಿದರು. "ಅವರು ಬಂದು ಹೋಗುವ ಗಾಡಿಯನ್ನು ಹೇಗೆ ಮಾರುದು, ನೀನೇ ಹೇಳು."

ಗಾಡಿ ತಿರುಗಿಸಿ ವಾಪಸ್ಸು ಹೊರಟೆ.

ಶನಿವಾರ ಮಗನ ಫೋನು ಬಂತು. "ಮೇಡಂ, ವೈರ್ ಹಾಳು ಅಂತ ಗೊತ್ತಾಯ್ತಲ್ಲ, ಹೊಸ ವೈರ್ ಎಳ್ದುಬಿಡಿ. ಬುಧವಾರ ಪಾರ್ಟಿ ಬರ್ತದೆ."

ಅವನು ಹೇಳಿದ್ದು ತಪ್ಪಲ್ಲ. ಹಳೆಯ ವೈರನ್ನು ಒಳಗೇ ಬಿಟ್ಟು ಬೇರೆ ದಾರಿಯಿಂದ ಹೊಸದನ್ನು ಎಳೆದರೆ ಅರ್ಧ ದಿನದಲ್ಲಿ ಮುಳ್ಳು ಸರಿಹೋಗುತ್ತದೆ. ಎಷ್ಟೋ ಗಾಡಿಗಳಿಗೆ ನಾನೇ ಹಾಗೆ ಮಾಡಿದ್ದೇನೆ. ಆದರೆ ಹಾಗೆ ಮಾಡಿದರೆ ಆ ದಿನ ವೈರು ಎಲ್ಲಿ, ಯಾಕೆ ತಗುಲಿತ್ತು ಎಂಬುದು ಯಾರಿಗೂ ಎಂದಿಗೂ ತಿಳಿಯುವುದಿಲ್ಲ. ತಾಯಿ ಕೇಳಿದ ಒಂದು ಮಾತಿಗೆ ಅರ್ಧ ಉತ್ತರ ಕೊಟ್ಟು, ಉಳಿದರ್ಧವನ್ನು ತಗಡಿನ ಹಿಂದೆ ಮುಚ್ಚಿಟ್ಟಂತಾಗುತ್ತದೆ. ಸೋಮವಾರದವರೆಗೆ ಕಾಯಿರಿ ಎಂದೆ.

ಭಾನುವಾರ, ೯ನೇ ತಾರೀಖು, ಬೆಳಿಗ್ಗೆಯೇ ಹೋದೆ. ಕಾರನ್ನು ಘಾಟಿಗೆ ಒಯ್ಯುವ ಬದಲು ಘಾಟನ್ನೇ ಶೆಡ್ಡಿಗೆ ತರುವುದು ನನ್ನ ಯೋಚನೆ. ಆ ತಿರುವಿನಲ್ಲಿ ಆಗುವುದು ಎರಡೇ: ಏರಿನಿಂದ ಮೂತಿ ಮೇಲೇಳುತ್ತದೆ, ಬಲತಿರುವಿನಿಂದ ಒಳಗಿರುವುದೆಲ್ಲ ಎಡಕ್ಕೆ ವಾಲುತ್ತದೆ. ಜ್ಯಾಕಿನಿಂದ ಮುಂದಿನ ಗಾಲಿಗಳನ್ನು ಎತ್ತಿ ಭದ್ರವಾದ ಸ್ಟ್ಯಾಂಡುಗಳ ಮೇಲೆ ಇಳಿಸಿದೆ. ಸೆಂಡರಿನ ವೈರು ಕಿತ್ತೇ ಇತ್ತು. ಎಂಜಿನ್ ಶುರು ಮಾಡದೆ ಕೀಲಿ ಮಾತ್ರ ತಿರುಗಿಸಿದೆ. ಮುಳ್ಳು ಮಲಗಿತ್ತು. ಬಲಗಡೆಯನ್ನು ಸ್ವಲ್ಪ ಎತ್ತಿದೆ. ಮಲಗಿತ್ತು. ಇನ್ನೂ ಸ್ವಲ್ಪ ಎತ್ತಿದೆ.

ಹಿಂದೆ ಎಲ್ಲೋ ತಗಡಿಗೆ ಉಗುರು ತಾಗಿದಂಥ ಸಣ್ಣ ಸದ್ದಾಯಿತು. ಎಂಜಿನ್ ತಣ್ಣಗಿತ್ತು, ಕಾರಿನಲ್ಲಿ ಯಾರೂ ಇರಲಿಲ್ಲ. ಕಿಟಕಿಯ ಹೊರಗೆ ನಿಂತು ನೋಡಿದೆ. ಮುಳ್ಳು ಎದ್ದು ನಡೆಯಿತು, ಕೆಂಪಿನ ತನಕ.

ಕಾರಿನ ಕೆಳಗೆ ಮಲಗಿ ಟಾರ್ಚು ಹಿಡಿದೆ. ನಾನು ಇಲಿಯ ಗೂಡು ಎಂದುಕೊಂಡಿದ್ದ ಗಂಟು ತಲೆಯ ನೇರಕ್ಕೆ ತೂಗುತ್ತಿತ್ತು. ತುಕ್ಕು ಹಿಡಿದ ತಂತಿಗಳು, ಒಂದರ ಮೇಲೊಂದು, ಎಲ್ಲವೂ ಆ ಒಂದೇ ವೈರಿಗೆ ಕಟ್ಟಿದ್ದವು. ತಂತಿಗಳ ತುಂಬ ಇದ್ದಿಲಾದ ಮೆಣಸಿನಕಾಯಿ, ಕಲ್ಲಾದ ಲಿಂಬೆ. ತಂತಿ ಉಜ್ಜಿ ಉಜ್ಜಿ ವೈರಿನ ಪ್ಲಾಸ್ಟಿಕ್ಕು ಹರಿದು ತಾಮ್ರ ಕಾಣುತ್ತಿತ್ತು. ಗಾಡಿ ವಾಲಿದಾಗ ಗಂಟು ಹೋಗಿ ತಗಡಿಗೆ ಆತುಕೊಳ್ಳುತ್ತಿತ್ತು. ವಾಸನೆಯೂ ಅಲ್ಲಿಂದಲೇ, ಈ ಗಾಡಿಯ ಗಾಳಿಕಿಂಡಿಗೆ ಗಾಳಿ ಬರುವುದು ಎಂಜಿನ್ನಿನ ಕಡೆಯಿಂದ.

ಎಲ್ಲ ಸರಿಹೊಂದಿತು. ಆದರೆ ಎಲ್ಲಕ್ಕಿಂತ ಕೆಳಗೆ ತೂಗುತ್ತಿದ್ದ ಲಿಂಬೆ ಹಳದಿಯಾಗಿತ್ತು. ಮೆಣಸಿನಕಾಯಿಗಳು ಹಸಿರಾಗಿದ್ದವು. ಮುಟ್ಟಿದೆ, ತೇವವಿತ್ತು.

ಎಷ್ಟು ಬೇಗ ಹೊರಗೆ ಜಾರಿದೆನೆಂದರೆ ಮೊಣಕೈ ತರಚಿಹೋಯಿತು.

ಹೊರಗೆ ಕಾರು ತೊಳೆಯುವ ಮುದುಕ ಬಕೆಟ್ಟು ಹಿಡಿದು ನಿಂತಿದ್ದ. ವಿಜಯಪುರದ ಕಡೆಯವನು, ಹೋಟೆಲು ಶುರುವಾದಾಗಿನಿಂದ ಇರುವವನು. ಭಾನುವಾರ ಮುಂಜಾನೆ ಶೆಡ್ಡು ತೆರೆಯುವವನೂ ಅವನೇ.

"ಯಾಕ ತಂಗಿ, ಹಾವ ಬಂತೇನು?"

"ಒಳಗ ಲಿಂಬಿಹಣ್ಣ ಕಟ್ಯಾರಲ್ಲ, ಯಾರು ಕಟ್ಟಿದ್ದು?"

"ನಾನ ಕಟ್ಟೀನಿ," ಎಂದ, ಅದರಲ್ಲೇನಿದೆ ಎನ್ನುವಂತೆ. "ಸಾವ್ಕಾರ್ರು ಹೇಳಿದ್ರು. ಅಮ್ಮಾವ್ರು ಮುಂದ ಕಟ್ತಾರ, ಮಂದಿ ನೋಡಿ ನಗ್ತಾರ. ಒಗದ್ರ ಅಕೀ ಮನಸಿಗೆ ಹತ್ತತೈತಿ. ಒಂದೂ ಒಗೀಬ್ಯಾಡ, ಹಿಂದ ಒಳಗ ಕಾಣಲಾರದಂಗ ಕಟ್ಟು ಅಂದ್ರು. ಮುಂಜಾನೆ ಎದ್ದು ಮೊದಲ ಅದೇ ಕೆಲಸ ನಂದು."

"ಸಾವ್ಕಾರ್ರು ಹೋದ ಮ್ಯಾಲೂ?"

ಮುದುಕ ನನ್ನನ್ನೇ ಅನುಮಾನದಿಂದ ನೋಡಿದ. "ಬ್ಯಾಡ ಅಂತ ಯಾರೂ ಹೇಳಲಿಲ್ಲಲ್ಲ."

ಮಗನನ್ನು ಕರೆದು ತೋರಿಸಿದೆ. ಕಾರಿನ ಕೆಳಗೆ ಬಗ್ಗಿ ನೋಡಿದವನು ಬಹಳ ಹೊತ್ತು ಮೇಲೇಳಲಿಲ್ಲ. ಎದ್ದಾಗ ದನಿ ಇಳಿದಿತ್ತು. "ಅಮ್ಮನಿಗೆ ಹೇಳ್ಬೇಡಿ ಮಾರಾಯ್ರೆ. ಕಟ್ಟಿದ್ದು ಅವಳು. ಗಾಡಿ ನಿಲ್ಲಿಸಿದ್ದು ತಾನೇ ಅಂತ ತಲೆಗೆ ಹಚ್ಕೊಳ್ತಾಳೆ. ಇಲಿ ಕಚ್ಚಿತ್ತು ಅನ್ನಿ, ಮುಗೀತು."

ಅವನ ಮಾತಿನಲ್ಲಿ ತೂಕವಿತ್ತು. ಇಲಿ ಎನ್ನುವುದು ಸುಲಭವೂ ಆಗಿತ್ತು, ಮೂರು ದಿನ ನಾನೇ ನಂಬಿದ್ದೆನಲ್ಲ. ಇಕ್ಕಳದಿಂದ ತಂತಿಗಳನ್ನು ಒಂದೊಂದಾಗಿ ಕತ್ತರಿಸಿ ಪೇಪರಿನ ಮೇಲೆ ಇಡುತ್ತಾ ಯೋಚಿಸಿದೆ. ಇಲಿ ಎಂದರೆ ಅವರಿಗೆ ಗಂಡ ಇನ್ನೂ ಬಂದು ಹೋಗುತ್ತಾರೆ. ನಿಜ ಹೇಳಿದರೆ ಬರುವುದಿಲ್ಲ. ಅದರ ಮೇಲೆ ಗಾಡಿ ನಿಲ್ಲಿಸಿದ ಭಾರವೂ ಅವರ ಮೇಲೆ ಬೀಳುತ್ತದೆ. ಆದರೆ ನಿಜದ ಒಳಗೆ ಇನ್ನೊಂದು ಇತ್ತು, ಅದು ಅವರಿಗೆ ಸೇರಿದ್ದು. ಅದನ್ನು ಇಲಿಯ ಹೆಸರಿಗೆ ಬರೆಯಲು ನನಗೆ ಹಕ್ಕಿರಲಿಲ್ಲ.

ಪೇಪರನ್ನು ಎತ್ತಿಕೊಂಡು ಮುದುಕನನ್ನೂ ಕರೆದುಕೊಂಡು ಹೋಟೆಲಿನ ಮೇಲಿನ ಮನೆಗೆ ಹೋದೆ. ಮಗ ಹಿಂದೆಯೇ ಬಂದ.

ತಾಯಿ ಅಕ್ಕಿ ಆರಿಸುತ್ತಿದ್ದರು. ಪೇಪರನ್ನು ಅವರ ಮುಂದೆ ಇಟ್ಟು, ನೋಡಿದ್ದನ್ನು ನೋಡಿದ ಕ್ರಮದಲ್ಲೇ ಹೇಳಿದೆ. ಮುದುಕನೂ ತನ್ನ ಮಾತನ್ನು ಇನ್ನೊಮ್ಮೆ ಹೇಳಿದ. "ಒಂದೂ ಒಗೀಬ್ಯಾಡ" ಎಂಬಲ್ಲಿಗೆ ಬಂದಾಗ ಅವರ ಕೈ ಮೊರದಲ್ಲೇ ನಿಂತಿತು.

"ಒಂದೂ?"

"ಒಂದೂ ಒಗದಿಲ್ರಿ ಅಮ್ಮಾವ್ರ. ಖಂಡೋಬಾನ ಆಣಿ."

ಅವರು ಆ ತುಕ್ಕಿನ ರಾಶಿಯನ್ನು ನೋಡುತ್ತ ಕೂತರು. ನಾನು ಅಭ್ಯಾಸಬಲದಿಂದ ತಂತಿಗಳನ್ನು ಬೆರಳಿನಿಂದ ಬಿಡಿಸಿ ಲೆಕ್ಕ ಹಾಕತೊಡಗಿದ್ದೆ. ಅವರು ನನ್ನ ಕೈ ಹಿಡಿದರು.

"ಎಣಿಸ್ಬೇಡ."

ಅಲ್ಲಿಗೆ ಬಿಟ್ಟೆ. ಈ ಕೆಲಸದಲ್ಲಿ ಅಂಕಿ ಬರೆದಿಡದ ಸಂಗತಿ ಅದೊಂದೇ.

ಆಮೇಲೆ ಕೇಳಿದರು. "ಹಾಗಾದ್ರೆ ಆ ದಿನ ಗಾಡಿ ಕಾದಿರ್ಲಿಲ್ಲ."

"ಇಲ್ರಿ. ಎಂಜಿನ್ ಒಳಗ ನೋಡೀನಿ. ಆ ಗಾಡಿ ಎಂದೂ ಕಾದಿಲ್ರಿ."

"ನಿಲ್ಲಿಸದೆ ಹೋಗಿದ್ರೆ?"

"ಅದು ನನಗ ಗೊತ್ತಿಲ್ರಿ ಅಮ್ಮಾ. ಘಾಟ್ ದಾಟಿ ಸಾಸವಡದ ಆಸ್ಪತ್ರೆ ಮುಟ್ತಿದ್ರೋ, ಓಡಿಸುವಾಗನ ಎದಿ ನಿಂತು ಕಣಿವಿಗೆ ಬೀಳ್ತಿದ್ರೋ. ಅದನ್ನ ಅಳೆಯೋ ಮೀಟರ್ ನನ್ ಹತ್ರ ಇಲ್ಲ."

ಮಗ ಗೋಡೆಯ ಕಡೆ ತಿರುಗಿದ. ತಾಯಿ ಅಳಲಿಲ್ಲ. ಮುದುಕನಿಗೆ ಹೇಳಿದರು, "ಇನ್ನು ಬಿಚ್ಚಬೇಡ. ನಾ ಕಟ್ಟಿದಲ್ಲೇ ಇರಲಿ."

ಸೋಮವಾರ ವೈರಿನ ಆ ಭಾಗ ಕತ್ತರಿಸಿ ಹೊಸದು ಬೆಸೆದೆ. ಮಂಗಳವಾರ ಒಬ್ಬಳೇ ಘಾಟು ಹತ್ತಿದೆ. ತಿರುವಿನಲ್ಲಿ ಪರದೆಯೂ ಮುಳ್ಳೂ ಒಂದೇ ಮಾತು ಹೇಳಿದವು. ವಾಸನೆ ಇರಲಿಲ್ಲ. ಆದರೂ ಅಲ್ಲಿ ಯಾರಿಗೋ ಜಾಗ ಬಿಟ್ಟಂತೆ ಗಾಡಿಯನ್ನು ನಡುಗೆರೆಯ ಕಡೆಗೆ ಓಡಿಸಿದೆ. ಯಾಕೆ ಎಂದು ಬರೆದುಕೊಂಡಿಲ್ಲ. ಬುಧವಾರ ಮುಂಬೈಯವರು ಬಂದು ನೋಡಿದರು, ಒಪ್ಪಿದರು. ತಾಯಿ ಹೂಂ ಅನ್ನಲಿಲ್ಲ, ಉಹೂಂ ಎಂದೂ ಅನ್ನಲಿಲ್ಲ. ಭಾನುವಾರದವರೆಗೆ ಬಿಡಿ ಎಂದರಂತೆ.

೧೬ನೇ ತಾರೀಖು, ಭಾನುವಾರ, ಬಿಟ್ಟುಹೋಗಿದ್ದ ಸ್ಟ್ಯಾಂಡುಗಳನ್ನು ತರಲು ಹೋದೆ. ಶೆಡ್ಡಿನ ಬಾಗಿಲು ತೆರೆದಿತ್ತು. ಮುದುಕ ಬಕೆಟ್ಟು ಕೆಳಗಿಟ್ಟು ಗೋಡೆಯ ಬದಿಗೆ ಕೈಕಟ್ಟಿ ನಿಂತಿದ್ದ. ತಾಯಿ ಕಾರಿನ ಮುಂದೆ ನಿಂತಿದ್ದರು. ಮಿಂದ ಕೂದಲು ಇನ್ನೂ ಒದ್ದೆಯಿತ್ತು.

ಬಂಪರಿನ ನಡುಮಧ್ಯೆ ಲಿಂಬೆ, ಏಳು ಹಸಿಮೆಣಸು, ಕೆಳಗೊಂದು ಇದ್ದಿಲ ತುಂಡು. ರಾತ್ರಿ ಕಟ್ಟಿದ ಗಂಟು ಹಾಗೆಯೇ ಇತ್ತು.

"ಉಂಟು," ಎಂದರು. ನನಗಲ್ಲ, ಮುದುಕನಿಗೂ ಅಲ್ಲ.

ಆಮೇಲೆ ಬಗ್ಗಿ, ಸೊಂಟದ ಕೀಲಿಯನ್ನು ಬಿಚ್ಚಿ ಕಾರಿನ ಮೂತಿಯ ಮೇಲೆ ಇಟ್ಟರು. ಮೆಟ್ಟಿಲ ಕಡೆ ನಡೆಯುತ್ತಾ ಮಗನನ್ನು ಕೂಗಿದರು.

"ಮುಂಬೈಯವರಿಗೆ ಫೋನ್ ಮಾಡು. ಬಂದು ತಗೊಂಡು ಹೋಗ್ಲಿ."